ಕೂಲೆಂಟ್ ಬಾಟಲಿಯ ಕಂದು ಬಣ್ಣ: ತೊಳೆದರೆ ಹೋಗುತ್ತದೆಯೇ, ಬದಲಿಸಲೇಬೇಕೇ?

ಚಿಂತಾಮಣಿ ಡೀಸೆಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ 2012ರ ಮಾದರಿಯ ಡೀಸೆಲ್ ಹ್ಯಾಚ್‌ಬ್ಯಾಕ್ ಕಾರೊಂದನ್ನು ಎರಡನೆಯ ಮಾಲೀಕನಾಗಿ ಕೊಂಡೆ. ಎಂಜಿನ್ ಚೆನ್ನಾಗಿದೆ, ನಂದಿ ಬೆಟ್ಟದ ಏರಿನಲ್ಲೂ ತಾಪಮಾನದ ಮುಳ್ಳು ಮಧ್ಯದ ಗೆರೆಯನ್ನು ದಾಟುವುದಿಲ್ಲ. ತೊಂದರೆ ಇರುವುದು ಕೂಲೆಂಟ್ ಬಾಟಲಿಯಲ್ಲಿ, ಅಂದರೆ ಎಂಜಿನ್ನನ್ನು ತಣಿಸುವ ದ್ರವವನ್ನು ಹಿಡಿದಿಡುವ ಪ್ಲಾಸ್ಟಿಕ್ ಬಾಟಲಿಯಲ್ಲಿ. ಹೊಸದರಲ್ಲಿ ಹಾಲುಬಿಳುಪಾಗಿ ಅರೆಪಾರದರ್ಶಕವಾಗಿ ಇದ್ದಿರಬೇಕಾದ ಈ ಬಾಟಲಿಯ ಮೇಲರ್ಧ ಹಳದಿಗೆ ತಿರುಗಿದೆ, ಕೆಳಗಿನ ಅರ್ಧ ಹಳೆಯ ಡಿಕಾಕ್ಷನ್ನಿನಂತೆ ಕಂದಾಗಿದೆ. ಗರಿಷ್ಠ ಮತ್ತು ಕನಿಷ್ಠ ಮಟ್ಟದ ಗೆರೆಗಳು ಹೊರಮೈಯಲ್ಲಿ ಉಬ್ಬಾಗಿ ಕಾಣುತ್ತವೆಯಾದರೂ, ಒಳಗಿನ ದ್ರವ ಎಲ್ಲಿಯವರೆಗೆ ಇದೆ ಎಂಬುದು ಹಿಂದಿನಿಂದ ಟಾರ್ಚ್ ಹಿಡಿದರೂ ತಿಳಿಯುವುದಿಲ್ಲ. ಹೀಗಾಗಿ ಎಂಜಿನ್ ತಣ್ಣಗಿರುವ ಬೆಳಗಿನ ಹೊತ್ತು ಮುಚ್ಚಳ ತೆರೆದು ಕಡ್ಡಿ ಇಳಿಸಿ ನೋಡಬೇಕಾಗಿದೆ.

ಹಿಂದಿನ ಮಾಲೀಕರು ಕೂಲೆಂಟ್ ಕಡಿಮೆಯಾದಾಗಲೆಲ್ಲ ಕೊಳವೆಬಾವಿಯ ನೀರನ್ನೇ ತುಂಬಿಸುತ್ತಿದ್ದರೆಂದು ವಿಚಾರಿಸಿದಾಗ ತಿಳಿಯಿತು. ನಮ್ಮ ಭಾಗದ ಕೊಳವೆಬಾವಿ ನೀರು ಎಷ್ಟು ಗಡಸು ಎಂಬುದನ್ನು ಇಲ್ಲಿನ ಹಲವರು ಬಲ್ಲರು. ಸ್ನಾನದ ಬಕೆಟ್ಟಿಗೇ ಬಿಳಿಯ ಪದರ ಕಟ್ಟುತ್ತದೆ. ಈಗ ಬಾಟಲಿಯಲ್ಲಿರುವ ದ್ರವ ಹಸಿರೂ ಅಲ್ಲ, ಕೆಂಪೂ ಅಲ್ಲ, ಮಣ್ಣು ಕಲಸಿದ ಬಣ್ಣಕ್ಕಿದೆ. ರೇಡಿಯೇಟರಿನ ಮೇಲ್ಭಾಗದ ಕಪ್ಪು ಪ್ಲಾಸ್ಟಿಕ್ ತೊಟ್ಟಿಯೂ ಹೋಸ್ ಕೂಡುವ ಜಾಗದಲ್ಲಿ ಕಂದಾದಂತೆ ಕಾಣುತ್ತದೆ.

ಊರಿನ ಒಬ್ಬ ಮೆಕ್ಯಾನಿಕ್ ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ಕ್ಷಣದಲ್ಲಿ ಬಿಳಿಯಾಗುತ್ತದೆ ಎಂದರು. ಇನ್ನೊಬ್ಬರು ಬಾಟಲಿಯನ್ನು ಬಿಚ್ಚುವ ಅಗತ್ಯವೇ ಇಲ್ಲ, ತೊಳೆಯುವ ದ್ರವವನ್ನು ಬಾಟಲಿಗೇ ಹಾಕಿ ಎಂಜಿನ್ ಓಡಿಸಿದರೆ ಸಾಕು ಎಂದರು. ಇವೆರಡರಲ್ಲಿ ಯಾವುದಕ್ಕೂ ನನಗೆ ಧೈರ್ಯ ಬರುತ್ತಿಲ್ಲ. ಈ ಕಲೆಯನ್ನು ಪ್ಲಾಸ್ಟಿಕ್ಕಿಗೆ ಹಾನಿಯಾಗದಂತೆ ತೆಗೆಯುವ ಕ್ರಮವೇನು, ಬಣ್ಣ ಕೆಟ್ಟಿದೆ ಎಂದರೆ ಪ್ಲಾಸ್ಟಿಕ್ ದುರ್ಬಲವಾಗಿದೆ ಎಂದೇ ಅರ್ಥವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿ ವರ್ಕ್‌ಶಾಪ್

ನಮಸ್ಕಾರ ಸರ್. ತಾವು ಆಸಿಡ್ ಸುರಿಯದೇ ಇಲ್ಲಿ ಕೇಳಿದ್ದು ಒಳ್ಳೆಯದಾಯಿತು. ಬಾಟಲಿಯನ್ನು ತೊಳೆಯುವ ಮೊದಲು ಆ ಕಲೆ ಏನೆಂದು ತಿಳಿಯಬೇಕು, ಏಕೆಂದರೆ ಎಂಜಿನ್ನಿನೊಳಗೆ ಏನಾಗುತ್ತಿದೆ ಎಂಬುದನ್ನು ಬಿಚ್ಚದೆಯೇ ತೋರಿಸುವ ಜಾಗಗಳಲ್ಲಿ ಅದೂ ಒಂದು. ತೊಳೆದ ಮೇಲೆ ಆ ಸಾಕ್ಷ್ಯ ಸಿಗುವುದಿಲ್ಲ. ಆದ್ದರಿಂದ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆರೆದು, ಬಿಳಿ ಹತ್ತಿಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ ಬಾಟಲಿಯ ಕತ್ತಿನ ಒಳಭಾಗವನ್ನು ಉಜ್ಜಿ. ಬಟ್ಟೆಗೆ ಕೆಂಪು ಮಿಶ್ರಿತ ಕಂದು ಪುಡಿ ಅಂಟಿ, ಎರಡು ಬೆರಳುಗಳ ನಡುವೆ ತಿಕ್ಕಿದಾಗ ನಯವಾದ ಮಣ್ಣಿನ ಅನುಭವ ಬಂದರೆ ಅದು ತುಕ್ಕು. ಎರಕದ ಕಬ್ಬಿಣದ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಇರುವ ಎಂಜಿನ್ನಿಗೆ ಬರಿಯ ನೀರು ಹಾಕುತ್ತ ಬಂದರೆ ತುಕ್ಕುನಿರೋಧಕಗಳು ತೆಳುವಾಗಿ, ಬ್ಲಾಕಿನ ಒಳಗೋಡೆಯಿಂದ ಎದ್ದ ತುಕ್ಕು ಹರಿವು ನಿಧಾನವಾಗಿರುವ ಬಾಟಲಿಯಲ್ಲಿ ಬಂದು ಕೂರುತ್ತದೆ. ಬಟ್ಟೆಗೆ ಜಿಡ್ಡಾದ ಕಪ್ಪು ಅಥವಾ ಬೂದು ಲೋಳೆ ಅಂಟಿದರೆ ಅದು ಎಣ್ಣೆ. ಒಂದು ಲೋಟ ಬಿಸಿನೀರಿಗೆ ಆ ಬಟ್ಟೆಯನ್ನು ಅದ್ದಿದರೆ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತದೆ. ಬಿಳಿಯ ಅಥವಾ ಬೂದುಬಣ್ಣದ ಒರಟು ಪದರವಾದರೆ ಗಡಸು ನೀರಿನ ಸುಣ್ಣ. ಲೋಳೆಯಂತಹ ಗಟ್ಟಿ ಮುದ್ದೆಗಳಿದ್ದರೆ ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಬೆರೆಸಿರಬೇಕು. ಉಜ್ಜಿದರೂ ಬಟ್ಟೆ ಬಿಳಿಯಾಗಿಯೇ ಉಳಿದು, ಪ್ಲಾಸ್ಟಿಕ್ ಮಾತ್ರ ಹಳದಿಯಾಗಿಯೇ ಇದ್ದರೆ ಅಲ್ಲಿ ತೊಳೆಯುವುದಕ್ಕೆ ಏನೂ ಇಲ್ಲ. ತಮ್ಮ ಬಾಟಲಿಯ ಕೆಳಗಿನ ಅರ್ಧ ಮೊದಲನೆಯ ಬಗೆಯದು, ಮೇಲರ್ಧ ಕೊನೆಯ ಬಗೆಯದು ಎಂದು ವಿವರಣೆಯಿಂದ ತೋರುತ್ತದೆ.

ಇನ್ನು ತೊಳೆಯುವ ಕ್ರಮ. ಕೂಲೆಂಟ್ ಬಾಟಲಿಗಳಲ್ಲಿ ಎರಡು ಬಗೆ ಇವೆ. ರೇಡಿಯೇಟರಿಗೇ ಒತ್ತಡದ ಮುಚ್ಚಳವಿರುವ ಹಳೆಯ ವಾಹನಗಳಲ್ಲಿ ಬಾಟಲಿ ಕೇವಲ ಹೆಚ್ಚಾದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಒತ್ತಡವಿರುವುದಿಲ್ಲ. ಈಚಿನ ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಒತ್ತಡದ ಮುಚ್ಚಳ ಬಾಟಲಿಯ ಮೇಲೆಯೇ ಇದ್ದು, ಬಾಟಲಿಯೂ ಉಳಿದ ಕೂಲೆಂಟ್ ವ್ಯವಸ್ಥೆಯಷ್ಟೇ ಒತ್ತಡವನ್ನು ತಾಳಬೇಕಾಗುತ್ತದೆ. ತಮ್ಮದು ಎರಡನೆಯ ಬಗೆಯಾಗಿದ್ದರೆ ಬಿಸಿಯಿರುವಾಗ ಮುಚ್ಚಳವನ್ನು ಮುಟ್ಟಲೇಬಾರದು. ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುವ ದ್ರವ, ಮುಚ್ಚಳ ಸಡಿಲವಾದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಬಾಟಲಿಯನ್ನು ಕಾರಿನಿಂದ ಬಿಚ್ಚಿಯೇ ತೊಳೆಯಬೇಕು. ಒಳಗಿನ ಕೂಲೆಂಟನ್ನು ಪಂಪಿನಿಂದಲೋ ದೊಡ್ಡ ಸಿರಿಂಜಿನಿಂದಲೋ ತೆಗೆದು, ಮಟ್ಟದ ಸೆನ್ಸರ್ ಇದ್ದರೆ ಅದರ ವೈರಿನ ಸಾಕೆಟ್ ಕಳಚಿ, ಹೋಸ್‌ಗಳ ಕ್ಲಿಪ್ಪುಗಳನ್ನು ಪ್ಲೈಯರಿನಿಂದ ಹಿಂದಕ್ಕೆ ಸರಿಸಿ. ವರ್ಷಗಟ್ಟಲೆ ಅಂಟಿಕೊಂಡಿರುವ ಹೋಸನ್ನು ನೇರವಾಗಿ ಎಳೆಯದೆ ಮೊದಲು ಸ್ವಲ್ಪ ತಿರುಗಿಸಿ ಸಡಿಲ ಮಾಡಿ. ಬಾಟಲಿಯ ಮೂತಿಗಳು ಮುರಿಯುವುದು ಹೆಚ್ಚಾಗಿ ಇದೇ ಹಂತದಲ್ಲಿ. ತೆರೆದ ಹೋಸುಗಳ ಬಾಯಿಗೆ ಶುದ್ಧ ಬಟ್ಟೆ ತುರುಕಿಡಿ.

ಮೊದಲು ಜಿಡ್ಡು, ಆಮೇಲೆ ತುಕ್ಕು. ಈ ಅನುಕ್ರಮವನ್ನು ಬದಲಿಸಬೇಡಿ. ಎಣ್ಣೆಯ ತೆಳುಪೊರೆ ಇದ್ದರೆ ಆಮ್ಲ ಅದರಡಿಯ ತುಕ್ಕನ್ನು ತಲುಪುವುದೇ ಇಲ್ಲ, ಜನ ಆಮ್ಲ ಸಾಲದೆಂದು ಇನ್ನಷ್ಟು ತೀಕ್ಷ್ಣವಾದದ್ದನ್ನು ಹುಡುಕುತ್ತಾರೆ. ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಾದ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನೂ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾವನ್ನೂ ಬೆರೆಸಿ, ಬಾಟಲಿ ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಾಟಲಿ ಬ್ರಷ್‌ನಿಂದ ಉಜ್ಜಿ, ನೀರು ಜಾರದೆ ಒಳಗೋಡೆಯ ಮೇಲೆ ಒಂದೇ ಸಮನಾಗಿ ಹರಡುವವರೆಗೆ ತೊಳೆಯಿರಿ. ನಂತರ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಹರಳು, ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಪ್ರಮಾಣದಲ್ಲಿ ಕರಗಿಸಿ ತುಂಬಿಸಿ. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುವುದಲ್ಲದೆ ಸುಣ್ಣದ ಪದರವನ್ನೂ ಬಿಡಿಸುತ್ತದೆ. ಕೆಲವು ಗಂಟೆಗಳಲ್ಲಿ ದ್ರಾವಣ ಹಳದಿ-ಹಸಿರಾಗುತ್ತ ಬರುತ್ತದೆ; ಬಣ್ಣ ಬಿಡುತ್ತಿರುವವರೆಗೆ ದ್ರಾವಣ ಬದಲಿಸಿ ಮುಂದುವರಿಸಬಹುದು. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಹಲವು ಬಾರಿ, ಕಡೆಯದಾಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಿಂದ ಒಮ್ಮೆ ತೊಳೆದು ತಲೆಕೆಳಗಾಗಿ ಒಣಗಿಸಿ.

ಆಕ್ಸಾಲಿಕ್ ಆಮ್ಲ ತುಕ್ಕಿಗೆ ಇನ್ನೂ ಚುರುಕು ಎನ್ನುವುದು ನಿಜ. ಆದರೆ ಅದು ವಿಷ, ಅಲ್ಲದೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಪುಡಿಯಾಗುತ್ತದೆ. ತಮ್ಮ ಊರಿನ ನೀರಿಗೆ ಅದು ಹೊಂದುವುದಿಲ್ಲ. ಶೌಚಾಲಯದ ಆಸಿಡ್ಡಿನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಬಾಟಲಿಯ ಪ್ಲಾಸ್ಟಿಕ್ ಅದನ್ನು ತಾಳಿಕೊಳ್ಳಬಹುದು, ಆದರೆ ಮುಚ್ಚಳದ ಸ್ಪ್ರಿಂಗ್, ಸೆನ್ಸರಿನ ತುದಿಗಳು ಮತ್ತು ಆಮೇಲೆ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳು ತಾಳಲಾರವು.

ಪೀಣ್ಯ ಮೋಲ್ಡಿಂಗ್

ಮೇಲಿನ ಕ್ರಮವನ್ನು ಒಪ್ಪುತ್ತೇನೆ. ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿರುವವಳಾದ್ದರಿಂದ ಎರಡನೆಯ ಪ್ರಶ್ನೆಗೆ, ಅಂದರೆ ಬಣ್ಣ ಕೆಟ್ಟ ಪ್ಲಾಸ್ಟಿಕ್ ದುರ್ಬಲವೇ ಎಂಬುದಕ್ಕೆ, ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಕೂಲೆಂಟ್ ಬಾಟಲಿಗಳನ್ನು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನಿಂದ ಮಾಡುತ್ತಾರೆ. ಬಾಟಲಿಯ ತಳದಲ್ಲೋ ಹಿಂಬದಿಯಲ್ಲೋ ಎರಡು ಬಾಣದ ಗುರುತುಗಳ ನಡುವೆ ಪಿಪಿ ಎಂಬ ಅಕ್ಷರಗಳು ಅಚ್ಚಾಗಿರುತ್ತವೆ, ನೋಡಿ. ರೇಡಿಯೇಟರಿನ ಎರಡು ತುದಿಗಳ ಕಪ್ಪು ತೊಟ್ಟಿಗಳ ಮೇಲೆ ಪಿಎ66 ಜಿಎಫ್30 ಎಂದಿರುತ್ತದೆ. ಅದು ಶೇಕಡ 30ರಷ್ಟು ಗಾಜಿನ ಎಳೆ ಬೆರೆಸಿದ ನೈಲಾನ್. ಈ ಎರಡು ಪ್ಲಾಸ್ಟಿಕ್ಕುಗಳ ಸ್ವಭಾವ ಬೇರೆ, ಆದ್ದರಿಂದ ತೊಳೆಯುವ ರೀತಿಯೂ ಒಂದೇ ಆಗಲಾರದು.

ಪಾಲಿಪ್ರೊಪಿಲೀನ್ ನೀರಿಗೂ ಕೂಲೆಂಟಿನ ಮುಖ್ಯ ಅಂಶವಾದ ಗ್ಲೈಕಾಲಿಗೂ ಸೌಮ್ಯ ಆಮ್ಲಕ್ಕೂ ಸ್ಪಂದಿಸುವುದಿಲ್ಲ. ಅದನ್ನು ಕೆಡಿಸುವುದು ಶಾಖ ಮತ್ತು ಗಾಳಿಯ ಆಮ್ಲಜನಕ. ಇವೆರಡರಿಂದ ಕಾಪಾಡಲೆಂದೇ ತಯಾರಿಕೆಯಲ್ಲಿ ಫೀನಾಲ್ ಜಾತಿಯ ಉತ್ಕರ್ಷಣ ನಿರೋಧಕಗಳನ್ನು ಬೆರೆಸಿರುತ್ತಾರೆ. ಅವು ತಮ್ಮ ಕೆಲಸ ಮಾಡುತ್ತ ತಾವೇ ಬದಲಾಗಿ ಹಳದಿ ಬಣ್ಣದ ವಸ್ತುಗಳಾಗುತ್ತವೆ. ತಮ್ಮ ಬಾಟಲಿಯ ಮೇಲರ್ಧ, ದ್ರವ ತಾಗದ ಮತ್ತು ಎಂಜಿನ್ನಿನ ಬಿಸಿಗಾಳಿ ಬಡಿಯುವ ಭಾಗ, ಹಳದಿಯಾಗಿರುವುದಕ್ಕೆ ಬಹುಶಃ ಇದೇ ಕಾರಣ. ಖಚಿತ ಮಾಡಿಕೊಳ್ಳಬೇಕೆಂದರೆ ಬಾಟಲಿಯನ್ನು ಕಾರಿಗೆ ಜೋಡಿಸುವ ಕಿವಿಯ ಅಂಚಿನಿಂದ, ಒತ್ತಡ ಬೀಳದ ಜಾಗದಲ್ಲಿ, ಬ್ಲೇಡಿನಿಂದ ಒಂದು ತೆಳುವಾದ ಸಿಪ್ಪೆಯನ್ನು ತೆಗೆಯಿರಿ. ಅದರಡಿಯಲ್ಲಿಯೂ ಹಳದಿಯೇ ಇದ್ದರೆ ಆ ಬಣ್ಣ ಮೈಮೇಲಿನದಲ್ಲ, ಮೈಯೊಳಗಿನದು. ಯಾವ ಸಾಬೂನೂ ಯಾವ ಆಮ್ಲವೂ ಅದನ್ನು ತೆಗೆಯಲಾರದು. ಕೂಲೆಂಟಿನ ಬಣ್ಣವೂ ಎಣ್ಣೆಯ ಅಂಶವೂ ವರ್ಷಗಟ್ಟಲೆ ಬಿಸಿಯಲ್ಲಿ ನೆನೆದು ಪ್ಲಾಸ್ಟಿಕ್ಕಿನೊಳಕ್ಕೆ ಇಳಿದಿರುವುದೂ ಉಂಟು, ಅದೂ ಪೂರ್ತಿಯಾಗಿ ಬಿಡುವುದಿಲ್ಲ.

ಹಳದಿ ಎಂದ ಮಾತ್ರಕ್ಕೆ ಬಾಟಲಿ ನಾಳೆಯೇ ಒಡೆಯುತ್ತದೆ ಎಂದು ಭಯಪಡಬೇಕಾಗಿಲ್ಲ. ರಕ್ಷಣೆಯ ವಸ್ತು ಖರ್ಚಾಗುತ್ತಿದೆ ಎಂಬ ಸೂಚನೆ ಅದು, ಖರ್ಚಾಗಿ ಮುಗಿದಿದೆ ಎಂಬುದಕ್ಕೆ ಪುರಾವೆ ಬೇರೆ. ಬಾಟಲಿಯನ್ನು ಬಿಚ್ಚಿದಾಗ ಎರಡು ಅರ್ಧಗಳನ್ನು ಬೆಸೆದಿರುವ ನಡುಪಟ್ಟಿಯ ಉದ್ದಕ್ಕೂ, ಹೋಸ್ ಮೂತಿಗಳ ಬುಡದಲ್ಲೂ, ಮುಚ್ಚಳದ ತಿರುಪುಗಳ ಕೆಳಗೂ ಬೆಳಕಿಗೆ ಹಿಡಿದು ಕೂದಲೆಳೆಯಂತಹ ಸೀಳುಗಳನ್ನು ಹುಡುಕಿ. ಹೊರಮೈಯಲ್ಲಿ ಒಣಗಿದ ಕೂಲೆಂಟಿನ ಬಿಳಿ ಅಥವಾ ಬಣ್ಣದ ಗೆರೆ ಕಂಡರೆ ಅಲ್ಲಿ ಸೋರಿಕೆ ಇದೆ. ಹೊರಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ತುಸುವೂ ಬಾಗದೆ ಗಟ್ಟಿಯಾಗಿ ಟಕ್ಕೆಂದರೆ, ಇಲ್ಲವೇ ಮೈಯೆಲ್ಲ ಸುಣ್ಣ ಹಚ್ಚಿದಂತೆ ಪುಡಿ ಬಿಡುತ್ತಿದ್ದರೆ, ತೊಳೆಯುವ ಶ್ರಮವೇ ವ್ಯರ್ಥ. ಒತ್ತಡ ತಾಳುವ ಬಗೆಯ ಬಾಟಲಿಯಾದರೆ ಅದನ್ನು ಬದಲಿಸಿಬಿಡಿ. ಸೀಳಿದ ಬಾಟಲಿಗೆ ಎಪಾಕ್ಸಿ ಹಚ್ಚಿ ಓಡಿಸುವವರನ್ನು ನೋಡಿದ್ದೇನೆ. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟುಗಳು ಕಚ್ಚಿಕೊಳ್ಳುವುದಿಲ್ಲ.

ರೇಡಿಯೇಟರಿನ ಕಪ್ಪು ತೊಟ್ಟಿ ಕಂದಾಗಿರುವುದನ್ನು ಬಾಟಲಿಗಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಿ. ನೈಲಾನ್ ಬಿಸಿ ನೀರು ಮತ್ತು ಗ್ಲೈಕಾಲಿನಲ್ಲಿ ವರ್ಷಗಟ್ಟಲೆ ಇದ್ದರೆ ಅದರ ಅಣುಸರಪಳಿಗಳು ನಿಧಾನವಾಗಿ ತುಂಡಾಗುತ್ತವೆ, ಹೊರಮೈಯಲ್ಲಿ ಶಾಖದಿಂದ ಬಣ್ಣ ಕಪ್ಪಿನಿಂದ ಕಂದಿಗೆ ತಿರುಗುತ್ತದೆ. ಎಲ್ಲಕ್ಕಿಂತ ಬಿಸಿಯಾದ ದ್ರವ ಒಳಬರುವ ಮೇಲಿನ ಹೋಸಿನ ಮೂತಿಯಲ್ಲಿ ಇದು ಮೊದಲು ಕಾಣಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಣ್ಣ ಹೋದರೆ ಅದು ಧೂಳು. ಹೋಗದಿದ್ದರೆ ಅದನ್ನು ಹೊಳಪಿಸುವ ದ್ರವಗಳಿಂದ ಮರೆಮಾಡಬೇಡಿ. ಮುಂದಿನ ಸರ್ವಿಸಿನಲ್ಲಿ ಮೂತಿಯ ಬುಡವನ್ನು ಪರೀಕ್ಷೆ ಮಾಡಿಸಿ. ನೈಲಾನ್ ತೀಕ್ಷ್ಣ ಖನಿಜಾಮ್ಲಗಳನ್ನು ತಾಳುವುದಿಲ್ಲವಾದ್ದರಿಂದ ಆ ಆಸಿಡ್ಡನ್ನು ವ್ಯವಸ್ಥೆಯೊಳಗೆ ಬಿಡಬಾರದು ಎಂಬುದಕ್ಕೆ ಇದು ಇನ್ನೊಂದು ಕಾರಣ.

ಬಟ್ಟೆಗೆ ಹಾಕುವ ಬ್ಲೀಚ್ ಬಳಸಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದು ಉಳಿದಿರುವ ನಿರೋಧಕವನ್ನೂ ತಿನ್ನುತ್ತದೆ, ಅದರ ಕ್ಲೋರೈಡ್ ಅಂಶ ಅಲ್ಯೂಮಿನಿಯಮ್ಮಿಗೆ ಗುಳಿ ಬೀಳಿಸುತ್ತದೆ, ಆಮ್ಲದ ಜೊತೆ ಸೇರಿದರಂತೂ ಕ್ಲೋರಿನ್ ಅನಿಲವೇ ಹೊರಡುತ್ತದೆ. ಹಳೆಯ ಕಂಪ್ಯೂಟರುಗಳ ಹಳದಿ ಪೆಟ್ಟಿಗೆಯನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿಮಾಡುವ ಉಪಾಯ ಅಂತರಜಾಲದಲ್ಲಿ ಬಹಳ ಓಡಾಡುತ್ತಿದೆ; ಅದು ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಕಥೆ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಯಾವುದನ್ನೂ ಬಾಟಲಿಗೆ ಹಾಕಬೇಡಿ. ಪಾಲಿಪ್ರೊಪಿಲೀನ್ ಅವನ್ನು ಹೀರಿ ಉಬ್ಬುತ್ತದೆ, ಇಪಿಡಿಎಂ ರಬ್ಬರಿನ ಹೋಸುಗಳು ಅದಕ್ಕಿಂತ ಹೆಚ್ಚು ಉಬ್ಬಿ ಮೆತ್ತಗಾಗುತ್ತವೆ.

ಉಡುಪಿ ಸವಾರ

ಇಷ್ಟೆಲ್ಲ ನೆನೆಹಾಕುವ ಅಗತ್ಯವಿದೆಯೇ? ಒಂದು ಹಿಡಿ ಕುಚ್ಚಲಕ್ಕಿಯನ್ನು ಸ್ವಲ್ಪ ಸೋಪಿನ ನೀರಿನ ಜೊತೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿದರೆ ಬ್ರಷ್ ತಲುಪದ ಮೂಲೆಯ ತುಕ್ಕೂ ಬಿಡುತ್ತದೆ. ನಮ್ಮ ಮನೆಯ ಹಳೆಯ ಪೆಟ್ರೋಲ್ ಕಾರಿನ ಬಾಟಲಿಯನ್ನು ಹೀಗೆಯೇ ತೊಳೆಯುತ್ತ ಬಂದಿದ್ದೇವೆ.

ಹುಬ್ಬಳ್ಳಿ ವರ್ಕ್‌ಶಾಪ್

ಒತ್ತಡವಿಲ್ಲದ, ಒಳಗೆ ಒಂದೇ ಕೋಣೆಯಿರುವ ಹಳೆಯ ಬಾಟಲಿಗೆ ಅಕ್ಕಿ ಸರಿಯೇ. ಪ್ರಶ್ನೆ ಕೇಳಿದವರ ಕಾರಿನ ಬಾಟಲಿಯಲ್ಲಿ ಗಾಳಿ ಬೇರ್ಪಡಿಸಲು ಒಳಗೋಡೆಗಳನ್ನು ಕಟ್ಟಿ ಹಲವು ಕೋಣೆಗಳನ್ನು ಮಾಡಿರುವ ಸಾಧ್ಯತೆ ಹೆಚ್ಚು. ಆ ಗೋಡೆಗಳ ಸಣ್ಣ ಕಿಂಡಿಗಳಲ್ಲಿ ಸಿಕ್ಕಿಕೊಂಡ ಅಕ್ಕಿಕಾಳು ನೆನೆದು ಉಬ್ಬಿ ಹೊರಬರುವುದಿಲ್ಲ, ಬಿಸಿ ಕೂಲೆಂಟಿನಲ್ಲಿ ಬೆಂದು ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರಿನ ಕಿರಿದಾದ ಕೊಳವೆಗಳಿಗೆ ಹೋಗುತ್ತದೆ. ಮಟ್ಟದ ಸೆನ್ಸರಿನ ತೇಲುಬಿಲ್ಲೆ ಒಳಗಿದ್ದರೆ ಕುಲುಕುವುದೇ ಬೇಡ. ಕೆಲವು ಯುರೋಪಿಯನ್ ಮಾದರಿಗಳ ಬಾಟಲಿಯಲ್ಲಿ ಸಿಲಿಕೇಟ್ ಒದಗಿಸುವ ಚಿಕ್ಕ ಚೀಲವೊಂದಿರುತ್ತದೆ. ಹಳತಾದ ಆ ಚೀಲ ಹರಿದರೆ ಒಳಗಿನ ಮಣಿಗಳೇ ಹೀಟರಿನ ದಾರಿಯನ್ನು ಮುಚ್ಚಿಬಿಡುತ್ತವೆ, ಅದಕ್ಕೆ ಅಕ್ಕಿಯೂ ಬೇಕಿಲ್ಲ.

ಉಡುಪಿ ಸವಾರ

ಒಪ್ಪಿದೆ. ಹಾಗಿದ್ದರೆ ಕಲ್ಲುಪ್ಪು ಹಾಕಬಹುದಲ್ಲ? ಕುಲುಕುವಾಗ ಹರಳಾಗಿ ಉಜ್ಜುತ್ತದೆ, ಆಮೇಲೆ ನೀರು ಹಾಕಿದರೆ ಕರಗಿ ಹೋಗುತ್ತದೆ.

ಪೀಣ್ಯ ಮೋಲ್ಡಿಂಗ್

ಉಜ್ಜುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಪ್ಲಾಸ್ಟಿಕ್ಕಿಗೂ ತೊಂದರೆಯಿಲ್ಲ. ಆದರೆ ಉಪ್ಪು ಕ್ಲೋರೈಡ್, ಅದರ ಅಂಶ ಬಾಟಲಿಯಲ್ಲಿ ಉಳಿದರೆ ಅಲ್ಯೂಮಿನಿಯಂ ರೇಡಿಯೇಟರಿಗೆ ಕೇಡು. ಬಳಸುವುದಾದರೆ ನಾಲಿಗೆಗೆ ಉಪ್ಪು ತಿಳಿಯದಿರುವಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು ಬಾರಿ ತೊಳೆಯಬೇಕು. ನೆನಪಿರಲಿ, ಕೂಲೆಂಟ್ ಇದ್ದ ಬಾಟಲಿಯ ನೀರನ್ನು ರುಚಿ ನೋಡುವ ಕೆಲಸ ಯಾರೂ ಮಾಡಬಾರದು. ಸಾಧ್ಯವಾದರೆ ಹರಳು ಸಿಟ್ರಿಕ್ ಆಮ್ಲವನ್ನೇ ಸ್ವಲ್ಪ ನೀರಿನಲ್ಲಿ ಕರಗುವ ಮೊದಲು ಕುಲುಕಿ; ಉಜ್ಜುವುದೂ ಆಯಿತು, ತುಕ್ಕು ಕರಗಿಸುವುದೂ ಆಯಿತು.

ಚಿಂತಾಮಣಿ ಡೀಸೆಲ್

ಎಲ್ಲರಿಗೂ ಕೃತಜ್ಞತೆಗಳು. ತಿಳಿಸಿದ ಕ್ರಮದಲ್ಲಿಯೇ ಬಾಟಲಿಯನ್ನು ಬಿಚ್ಚಿ ತೊಳೆದೆ. ತಳದಲ್ಲಿ ಪಿಪಿ ಎಂಬ ಗುರುತಿದೆ, ಒಳಗೆ ಅಡ್ಡಗೋಡೆಗಳೂ ಇವೆ. ಬಿಳಿಬಟ್ಟೆಗೆ ಅಂಟಿದ್ದು ಬಹುಪಾಲು ಕೆಂಪುಪುಡಿ. ಬಿಸಿನೀರಿನಲ್ಲಿ ಅದ್ದಿದಾಗ ಬಹಳ ತೆಳುವಾದ ಎಣ್ಣೆಯ ಪೊರೆಯೂ ಕಂಡಿತು. ಸೋಪು ಮತ್ತು ಸಿಟ್ರಿಕ್ ಆಮ್ಲದ ನಂತರ ಕೆಳಗಿನ ಅರ್ಧದ ಕಂದು ಬಣ್ಣ ಬಹಳಷ್ಟು ಹೋಗಿದೆ, ಅಡ್ಡಗೋಡೆಗಳ ಹಿಂದೆ ಮಾತ್ರ ಸ್ವಲ್ಪ ಉಳಿದಿದೆ. ಮೇಲರ್ಧದ ಹಳದಿ ಕಿಂಚಿತ್ತೂ ಬದಲಾಗಿಲ್ಲ. ಕಿವಿಯ ಅಂಚನ್ನು ಕೆರೆದು ನೋಡಿದರೆ ಒಳಗೂ ಹಳದಿಯೇ. ಈಗ ಹಿಂದಿನಿಂದ ಬೆಳಕು ಹಿಡಿದರೆ ದ್ರವದ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ, ನನಗೆ ಬೇಕಾಗಿದ್ದದ್ದು ಅದೇ.

ಎರಡು ವಿಷಯಗಳನ್ನು ಇನ್ನೂ ಕೇಳಬೇಕಿದೆ. ಆ ಎಣ್ಣೆಯ ಪೊರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವುದರ ಲಕ್ಷಣವೇ? ಮತ್ತು ಬಾಟಲಿಯೊಂದನ್ನೇ ತೊಳೆದು ಹೊಸ ಕೂಲೆಂಟ್ ತುಂಬಿಸಿದರೆ ಸಾಕೇ, ಇಲ್ಲವೇ ಇಡೀ ವ್ಯವಸ್ಥೆಯನ್ನು ತೊಳೆಯಬೇಕೇ? ನಡುಪಟ್ಟಿಯಲ್ಲಿ ಸೀಳುಗಳಿಲ್ಲ, ಆದರೆ ಮುಚ್ಚಳದ ಒಳಗಿನ ರಬ್ಬರ್ ಬಳೆ ಚಪ್ಪಟೆಯಾಗಿ ಗಟ್ಟಿಯಾಗಿದೆ.

ಹುಬ್ಬಳ್ಳಿ ವರ್ಕ್‌ಶಾಪ್

ತೆಳುಪೊರೆ ಕಂಡ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಎಂದು ತೀರ್ಮಾನಿಸಬೇಡಿ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಎಂಜಿನ್ ಆಯಿಲನ್ನು ಕೂಲೆಂಟಿನಿಂದ ತಣಿಸುವ ಆಯಿಲ್ ಕೂಲರ್ ಇರುತ್ತದೆ, ಅದರ ಸೀಲ್ ಹಳತಾದರೆ ಆಯಿಲಿನ ಒತ್ತಡ ಹೆಚ್ಚಿರುವುದರಿಂದ ಎಣ್ಣೆ ಕೂಲೆಂಟಿನೊಳಗೆ ನುಸುಳುತ್ತದೆ. ಹಿಂದೆ ಯಾರೋ ಜಿಡ್ಡಿನ ಫನೆಲಿನಿಂದ ನೀರು ತುಂಬಿಸಿದ್ದರೂ ಅಷ್ಟು ಪೊರೆ ಸಾಕು. ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಕಲಸಿದಂತಾಗಿದೆಯೇ ನೋಡಿ. ಎಂಜಿನ್ ಓಡುವಾಗ ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ, ತಣ್ಣಗಿನಿಂದ ಶುರುಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿಯಾಗುತ್ತಿದ್ದರೆ, ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಮಾಡಿಸಿ. ಬಾಟಲಿಯ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಉರಿದ ಅನಿಲ ಅದರಲ್ಲಿದ್ದರೆ ದ್ರವ ಹಸಿರು ಅಥವಾ ಹಳದಿಗೆ ತಿರುಗುತ್ತದೆ. ಇವು ಯಾವುವೂ ಇಲ್ಲದಿದ್ದರೆ ಹೊಸ ಕೂಲೆಂಟ್ ಹಾಕಿ ಕೆಲವು ವಾರಗಳ ನಂತರ ಅದೇ ಬಿಳಿಬಟ್ಟೆಯ ಪರೀಕ್ಷೆ ಮಾಡಿ. ತೊಳೆದ ಬಾಟಲಿಯಲ್ಲಿ ಪೊರೆ ಮತ್ತೆ ಬಂದರೆ ಮಾತ್ರ ಆಯಿಲ್ ಕೂಲರನ್ನು ಬಿಚ್ಚಿಸುವುದು ಸರಿ.

ಬಾಟಲಿಯೊಂದನ್ನೇ ತೊಳೆದರೆ ಸಾಲದು. ಬ್ಲಾಕಿನಲ್ಲಿ ಉಳಿದ ತುಕ್ಕು ಮತ್ತೆ ಬಂದು ಅದನ್ನು ಕಂದಾಗಿಸುತ್ತದೆ. ಹಾಗೆಂದು ಸಿಟ್ರಿಕ್ ಆಮ್ಲವನ್ನು ಎಂಜಿನ್ನಿಗೆ ತುಂಬಿಸಿ ಓಡಿಸಲು ನಾನು ಹೇಳುವುದಿಲ್ಲ. ಹಳೆಯ ಎಂಜಿನ್ನಿನಲ್ಲಿ ಕೆಲವೊಮ್ಮೆ ಸೋರಿಕೆಯನ್ನು ತಡೆದು ಕೂತಿರುವುದೇ ಆ ಪದರ. ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿಸಿ, ಹೀಟರನ್ನು ಗರಿಷ್ಠ ಬಿಸಿಗೆ ಇಟ್ಟು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ತೆರೆದು ಮೇಲಿನ ಮತ್ತು ಕೆಳಗಿನ ಹೋಸುಗಳೆರಡೂ ಬಿಸಿಯಾಗುವವರೆಗೆ ಓಡಿಸಿ, ಪೂರ್ತಿ ತಣಿದ ಮೇಲೆ ಇಳಿಸಿ. ಇಳಿಯುವ ನೀರು ತಿಳಿಯಾಗುವವರೆಗೆ ಇದನ್ನೇ ಪುನರಾವರ್ತಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಾಗಬಹುದು, ಆದ್ದರಿಂದ ಅವಸರ ಬೇಡ.

ಇನ್ನು ಮುಂದೆ ಕೊಳವೆಬಾವಿಯ ನೀರು ಹನಿಯೂ ಬೇಡ. ಏಷ್ಯಾದ ತಯಾರಕರ ಹಲವು ಕೂಲೆಂಟುಗಳಲ್ಲಿ ಫಾಸ್ಫೇಟ್ ಇರುತ್ತದೆ. ಅದು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಪದರವಾಗಿ ಅತಿ ಬಿಸಿಯಾದ ಜಾಗಗಳಲ್ಲೇ ಕೂರುತ್ತದೆ. ನಮ್ಮಲ್ಲಿ ಹಿಮವಿಲ್ಲ, ಬರಿಯ ನೀರು ಸಾಕು ಎಂಬ ಮಾತನ್ನು ಗ್ಯಾರೇಜುಗಳಲ್ಲಿಯೂ ಕೇಳುತ್ತೇನೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲಿಯೇ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಒತ್ತಡದ ಮುಚ್ಚಳದಡಿ ಅದಕ್ಕಿಂತ ಇನ್ನೂ ಮೇಲೆ. ತುಕ್ಕುನಿರೋಧಕಗಳು ಇರುವುದೂ ಅದರಲ್ಲಿಯೇ. ಕೂಲೆಂಟನ್ನು ಬಣ್ಣ ನೋಡಿ ಆರಿಸಬೇಡಿ. ಬಣ್ಣಕ್ಕೆ ಯಾವ ಏಕರೂಪದ ನಿಯಮವೂ ಇಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆ ಮತ್ತು ಡಬ್ಬದ ಮೇಲೆ ಭಾರತದ ಐಎಸ್ 5759 ಅಥವಾ ಜಪಾನಿನ ಜೆಐಎಸ್ ಕೆ 2234ರಂತಹ ಮಾನಕದ ಉಲ್ಲೇಖ ಇರುವುದನ್ನು ನೋಡಿ. ನೇರ ಬಳಕೆಗೆ ಸಿದ್ಧಪಡಿಸಿದ ಕೂಲೆಂಟಿಗೆ ಮತ್ತೆ ನೀರು ಬೆರೆಸಬಾರದು.

ಇಳಿಸಿದ ಹಳೆಯ ಕೂಲೆಂಟನ್ನು ಚರಂಡಿಗೋ ಹಿತ್ತಿಲಿಗೋ ಚೆಲ್ಲಬೇಡಿ. ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಡಬ್ಬಕ್ಕೆ ತುಂಬಿ ಮುಚ್ಚಿ, ಮಕ್ಕಳಿಗೆ ಸಿಗದಂತಿಟ್ಟು, ಬಳಸಿದ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.

ಮುಚ್ಚಳವನ್ನು ಮಾತ್ರ ಹೊಸದು ಹಾಕಲೇಬೇಕು, ಗಟ್ಟಿಯಾದ ಬಳೆ ಒತ್ತಡ ಹಿಡಿಯುವುದಿಲ್ಲ. ಹಳೆಯ ಮುಚ್ಚಳದ ಮೇಲೆ 1.1 ಅಥವಾ 1.4 ಎಂಬಂತಹ ಅಂಕಿ ಅಚ್ಚಾಗಿರುತ್ತದೆ, ಅದು ಮುಚ್ಚಳ ಹಿಡಿದಿಡುವ ಒತ್ತಡದ ಅಳತೆ. ಹೊಸದರಲ್ಲಿಯೂ ಅದೇ ಅಂಕಿ ಇರಬೇಕು. ಹೆಚ್ಚಿನ ಅಂಕಿಯ ಮುಚ್ಚಳ ಬಲಿಷ್ಠವೆಂದು ಅಂಗಡಿಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ, ಆ ಹೆಚ್ಚಿನ ಒತ್ತಡ ಬೀಳುವುದು ಹಳದಿಯಾದ ಬಾಟಲಿ ಮತ್ತು ಕಂದಾದ ರೇಡಿಯೇಟರ್ ತೊಟ್ಟಿಯ ಮೇಲೆ.

ಪೀಣ್ಯ ಮೋಲ್ಡಿಂಗ್

ಒಂದು ಮಾತು ಸೇರಿಸುತ್ತೇನೆ. ಒಳಗೂ ಹಳದಿಯಾಗಿರುವ ಬಾಟಲಿಯನ್ನು ಸೀಳಿಲ್ಲವೆಂಬ ಕಾರಣಕ್ಕೆ ಇನ್ನೂ ಕೆಲಕಾಲ ಬಳಸಬಹುದು. ಆದರೆ ದೂರದ ಪ್ರಯಾಣವಿದ್ದರೆ ಅಥವಾ ರೇಡಿಯೇಟರ್ ಬದಲಿಸುವ ಸಂದರ್ಭ ಬಂದರೆ ಅದೇ ಸಮಯದಲ್ಲಿ ಬಾಟಲಿಯನ್ನೂ ಬದಲಿಸುವುದು ಲೇಸು, ಕೂಲೆಂಟ್ ಹೇಗೂ ಇಳಿಸಿರುತ್ತೀರಿ. ಹೊಸ ಬಾಟಲಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು ಹೋಸ್ ಮೂತಿಗಳ ಸಂಖ್ಯೆ, ದಪ್ಪ, ಸೆನ್ಸರಿನ ರಂಧ್ರ ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ.

ಚಿಂತಾಮಣಿ ಡೀಸೆಲ್

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸರಿಯಾಗಿದೆ, ಗುಳ್ಳೆಗಳೂ ಇಲ್ಲ. ಮುಚ್ಚಳದ ಮೇಲೆ 1.4 ಎಂದಿದೆ, ಅದೇ ಅಂಕಿಯದನ್ನು ತರಿಸಲು ಹೇಳಿದ್ದೇನೆ. ಅದು ಬಂದ ಮೇಲೆ ವ್ಯವಸ್ಥೆಯನ್ನು ತೊಳೆದು ಕೂಲೆಂಟ್ ತುಂಬಿಸುತ್ತೇನೆ. ಪೊರೆ ಮತ್ತೆ ಕಂಡರೆ ಇಲ್ಲಿಯೇ ಬರೆಯುತ್ತೇನೆ.